ವತನ ಹೋಗಿ ನೌಕರಿ ಬಂದ ಬಗೆ

ಪ್ರತಿ ವರ್ಷವೂ ಹೊಸ ತರಗತಿಗೆ ಹೋಗಿ ಹಾಜರಿ ಪುಸ್ತಕ ತೆರೆದಾಗ ನನಗೊಂದು ಸೋಜಿಗವಾಗುತ್ತದೆ. ಕುಲಕರ್ಣಿ, ಪಾಟೀಲ, ದೇಸಾಯಿ, ದೇಶಪಾಂಡೆ, ನಾಡಗೌಡ, ತಳವಾರ, ವಾಲೀಕಾರ, ಮಠಪತಿ, ಬಡಿಗೇರ, ಕಂಬಾರ ಎಂದು ಹೆಸರು ಕೂಗುತ್ತ ಹೋದಂತೆ, ಎದುರಿಗೆ ಕುಳಿತವರು ಇಂದಿನ ಹುಡುಗ ಹುಡುಗಿಯರೋ ಅಥವಾ ಪೇಶವೆಯವರ ಕಾಲದ ಚಾವಡಿಯ ಸಿಬ್ಬಂದಿಯೋ ಎಂಬ ಭ್ರಮೆ ಹುಟ್ಟುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯಲ್ಲಿ ಅಡ್ಡಹೆಸರೆಂದರೆ ಬಹಳ ಮಟ್ಟಿಗೆ ಒಂದು ಹುದ್ದೆಯ ಹೆಸರೇ. ಲೆಕ್ಕ ಬರೆದವನು ಕುಲಕರ್ಣಿ, ಊರನ್ನು ಆಳಿದವನು ಪಾಟೀಲ, ಊರನ್ನು ಕಾದವನು ತಳವಾರ. ಅಜ್ಜನ ಅಜ್ಜ ಮಾಡಿದ ನೌಕರಿ ಮೊಮ್ಮಗನ ಹೆಸರಿಗೆ ಅಂಟಿಕೊಂಡು ಬಂದಿದೆ; ನೌಕರಿ ಮಾತ್ರ ಹೋಗಿದೆ.

ಆ ನೌಕರಿ ಹೇಗೆ ಬರುತ್ತಿತ್ತು, ಯಾವಾಗ ಹೋಯಿತು, ಅದರ ಜಾಗದಲ್ಲಿ ಏನು ಬಂತು? ಈ ಪ್ರಶ್ನೆಗೆ ನಮ್ಮ ಐದು ತಾಲೂಕುಗಳು ಕೊಡುವ ಉತ್ತರ ಒಂದೇ ತೆರನಾಗಿಲ್ಲ. ಇಂದು ಇವೆಲ್ಲ ಬೆಳಗಾವಿ ಜಿಲ್ಲೆಯ ತಾಲೂಕುಗಳೇ. ನಿಪ್ಪಾಣಿ ಈಚೆಗೆ ಚಿಕ್ಕೋಡಿಯಿಂದಲೂ, ಕಾಗವಾಡ ಅಥಣಿಯಿಂದಲೂ ಬೇರೆಯಾದುವು. ಆದರೆ 1949ಕ್ಕೆ ಮೊದಲಿನ ನಕಾಶೆ ನೋಡಿದವರಿಗೆ ಈ ನಾಡು ಕೌದಿಯಂತೆ ಕಾಣುತ್ತದೆ. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಗೆ ಸೇರಿದ್ದುವು. ರಾಯಬಾಗ ಕೊಲ್ಹಾಪುರದ ಛತ್ರಪತಿಗಳದು. ನಡುನಡುವೆ ಸಾಂಗಲಿ, ಮಿರಜ, ಕುರುಂದವಾಡ ಮೊದಲಾದ ಪಟವರ್ಧನರ ತುಣುಕುಗಳು. ಒಂದು ಊರಿನ ಎತ್ತು ಮೇಯುತ್ತ ಮೇಯುತ್ತ ಇನ್ನೊಬ್ಬ ರಾಜನ ಸೀಮೆಗೆ ಹೋಗುತ್ತಿತ್ತು. ಎತ್ತಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಅದನ್ನು ಕಾಯುವವನ ಮಗ ಓದಿ ಕಾರಕೂನನಾಗಬಹುದೇ ಇಲ್ಲವೇ ಎಂಬುದು ಮಾತ್ರ ಆ ಗಡಿಯ ಮೇಲೆ ನಿಂತಿತ್ತು.

ಮೊದಲು ವತನವೆಂದರೇನೆಂಬುದನ್ನು ಹೇಳಿಬಿಡಬೇಕು. ಇಂದಿನ ತರುಣರಿಗೆ ಆ ಶಬ್ದ ಕೇಳಿ ಮಾತ್ರ ಗೊತ್ತು. ವಂಶಪರಂಪರೆಯಿಂದ ಬಂದ ಹುದ್ದೆ, ಆ ಹುದ್ದೆಗೆ ಹತ್ತಿದ ಭೂಮಿ, ಭೂಮಿಯೊಡನೆ ಬಂದ ಮಾನಪಾನ ಇವು ಮೂರೂ ಕೂಡಿದ್ದು ವತನ. ಬ್ರಿಟಿಷರು ಇದನ್ನು ಕಿತ್ತು ಹಾಕಲಿಲ್ಲ. 1874ರಲ್ಲಿ ಮುಂಬಯಿ ಆನುವಂಶಿಕ ಹುದ್ದೆಗಳ ಕಾಯಿದೆಯೆಂಬುದನ್ನು ಮಾಡಿ ಅದನ್ನು ಇನ್ನಷ್ಟು ಬಿಗಿದರು. ಜನರ ಬಾಯಲ್ಲಿ ಅದು ‘ವತನ ಕಾಯಿದೆ’. ಕುಲಕರ್ಣಿಕೆಯ ಹಕ್ಕುಳ್ಳ ಮನೆತನದಲ್ಲಿ ಅಣ್ಣತಮ್ಮಂದಿರು ಹೆಚ್ಚಾದರೆ ಚಾಕರಿ ಪಾಳಿಯ ಮೇಲೆ ನಡೆಯುತ್ತಿತ್ತು. ಹಕ್ಕುದಾರ ಎಳೆಯ ಹುಡುಗನಾಗಿದ್ದರೆ, ಇಲ್ಲವೆ ಹೆಣ್ಣುಮಗಳಾಗಿದ್ದರೆ, ಅವರ ಹೆಸರಿನಲ್ಲಿ ಬೇರೊಬ್ಬ ಕೂತು ಲೆಕ್ಕ ಬರೆಯುತ್ತಿದ್ದ. ಕೆಲಸ ಬಲ್ಲವನು ಯಾರೆಂಬ ಪ್ರಶ್ನೆ ಬರುತ್ತಿದ್ದುದು ಕೊನೆಗೆ.

ಇದು ಮೇಲಿನ ವತನ. ಕೆಳಗಿನದು ಬೇರೆ ಮಾತು. ಮಹಾರರ ವತನ, ತಳವಾರಿಕೆ, ಶೇತಸನದಿ ಇವುಗಳಿಗೂ ಭೂಮಿಯಿತ್ತು. ಆದರೆ ಆ ಭೂಮಿಯೇ ಕೊರಳಿಗೆ ಹಗ್ಗವಾಗಿತ್ತು. ತುಂಡು ಹೊಲ, ರೈತರು ಸುಗ್ಗಿಯಲ್ಲಿ ಕೊಡುವ ಆಯದ ಕಾಳು ಇಷ್ಟಕ್ಕಾಗಿ ಹಗಲು ರಾತ್ರಿಯೆನ್ನದೆ ಸರಕಾರದ ಚಾಕರಿ ಮಾಡಬೇಕು. ಪತ್ರ ಒಯ್ಯಬೇಕು, ಅಧಿಕಾರಿಯ ಸಾಮಾನು ಹೊರಬೇಕು, ಸತ್ತ ಸುದ್ದಿ ಮುಟ್ಟಿಸಬೇಕು. ಎಷ್ಟು ತಾಸು? ಲೆಕ್ಕವಿಲ್ಲ. ಮನೆಯಲ್ಲಿ ಎಷ್ಟು ಜನ? ಅದಕ್ಕೂ ಲೆಕ್ಕವಿಲ್ಲ. ವತನದಾರ ಊರಲ್ಲಿಲ್ಲದಿದ್ದರೆ ಅವನ ತಂದೆ ಬರಬೇಕು, ತಂದೆ ಕೈಲಾಗದವನಾದರೆ ಹೆಂಡತಿ ಮಕ್ಕಳಾದರೂ ಬರಬೇಕು. ಈ ಸಂಗತಿಯನ್ನು ಶಾಸನಸಭೆಯಲ್ಲಿ ಎತ್ತಿ ಹೇಳಿದವರು ಅಂಬೇಡಕರರು. ಆ ವಿಷಯ ಮುಂದೆ ಬರುತ್ತದೆ.

ಈಗ ರಾಯಬಾಗಕ್ಕೆ ಬರೋಣ. ಶಾಹೂ ಮಹಾರಾಜರು 1894ರ ಏಪ್ರಿಲಿನಲ್ಲಿ ಕೊಲ್ಹಾಪುರದ ಗಾದಿಗೆ ಬಂದಾಗ ಅವರಿಗೆ ಹತ್ತೊಂಬತ್ತು ವರುಷ. ಆಗ ಸಂಸ್ಥಾನದ ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60ರಲ್ಲಿ ಬ್ರಾಹ್ಮಣರಿದ್ದರು. ಸುಮಾರು 500 ಕಾರಕೂನರಲ್ಲಿ ಬ್ರಾಹ್ಮಣೇತರರು ಹತ್ತೇ ಜನ. ಇದಕ್ಕೆ ಯಾರೋ ಒಬ್ಬರ ಕುಟಿಲವೇ ಕಾರಣವೆನ್ನುವುದು ಸರಿಯಲ್ಲ. ಓದು ಬಲ್ಲವರು ಒಂದೇ ಕೇರಿಯಲ್ಲಿದ್ದರೆ ನೌಕರಿಯೂ ಆ ಕೇರಿಗೇ ಹೋಗುತ್ತದೆ; ಒಮ್ಮೆ ಹೋದ ಮೇಲೆ, ಖಾಲಿಯಾದ ಜಾಗದ ಸುದ್ದಿಯೂ ಮೊದಲು ಆ ಕೇರಿಗೇ ಮುಟ್ಟುತ್ತದೆ. ಕಚೇರಿಯ ನೇಮಕದ ರಹಸ್ಯ ಇಂದಿಗೂ ಅರ್ಧ ಇದೇ ಆಗಿದೆಯೆಂದು ನನ್ನ ಅನುಮಾನ.

1902ರಲ್ಲಿ ಮಹಾರಾಜರು ಏಳನೆಯ ಎಡ್ವರ್ಡರ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದರು. ಅವರು ಅಲ್ಲಿದ್ದಾಗಲೇ, ಜುಲೈ 26ರಂದು, ಸಂಸ್ಥಾನದ ಗ್ಯಾಝೆಟ್ಟಿನಲ್ಲಿ ಒಂದು ಹುಕುಮು ಹೊರಬಿದ್ದಿತು. ಅಂದಿನಿಂದ ಖಾಲಿಯಾಗುವ ಜಾಗಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದ ವರ್ಗದವರಿಗೆ ಕಾಯ್ದಿಡತಕ್ಕದ್ದು. ಯಾವ ಕಚೇರಿಯಲ್ಲಿ ಆ ವರ್ಗದವರ ಪ್ರಮಾಣ ಐವತ್ತಕ್ಕಿಂತ ಕಡಿಮೆಯಿದೆಯೋ ಅಲ್ಲಿ ಮುಂದಿನ ನೇಮಕವನ್ನು ಅವರಿಗೇ ಕೊಡತಕ್ಕದ್ದು. ಪ್ರತಿಯೊಂದು ಖಾತೆಯ ಮುಖ್ಯಸ್ಥನೂ ತಾನು ಮಾಡಿದ ನೇಮಕಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸತಕ್ಕದ್ದು. ಬ್ರಾಹ್ಮಣ, ಪ್ರಭು, ಶೇಣವಿ, ಪಾರಸಿ ಮತ್ತು ಅಂಥ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರೆಂದು ಅರ್ಥ.

ಐವತ್ತೆಂಬ ಅಂಕಿಯನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಉಳಿದೆರಡು ಮಾತುಗಳೇ ಹೆಚ್ಚು ಬೆಲೆಯುಳ್ಳವಾಗಿ ತೋರುತ್ತವೆ. ಒಳ್ಳೆಯ ಉದ್ದೇಶವನ್ನು ಗ್ಯಾಝೆಟ್ಟಿನಲ್ಲಿ ಅಚ್ಚು ಹಾಕಿಸುವುದು ಸುಲಭ. ಅದನ್ನು ದಫ್ತರದಲ್ಲಿ ಇಳಿಸುವುದು ಕಠಿಣ. ‘ಮುಂದಿನ ಜಾಗ ಇವರಿಗೆ’ ಎಂದುಬಿಟ್ಟರೆ, ಯೋಗ್ಯರು ಸಿಕ್ಕಾಗ ನೋಡೋಣವೆನ್ನುವ ಅಧಿಕಾರಿಗೆ ಜಾರಿಕೊಳ್ಳಲು ದಾರಿಯಿಲ್ಲ. ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳಿದರೆ, ಮರೆತೆನೆನ್ನುವಂತಿಲ್ಲ. ಇಂದು ಸರಕಾರಿ ಕಚೇರಿಗಳಲ್ಲಿ ರೋಸ್ಟರ್ ಎನ್ನುವ ಸರದಿ ಪಟ್ಟಿಯಿದೆಯಲ್ಲ, ಅದರ ಬೀಜ ಈ ಹುಕುಮಿನಲ್ಲಿದೆ. 1912ರ ಹೊತ್ತಿಗೆ 95 ಹುದ್ದೆಗಳಲ್ಲಿ ಬ್ರಾಹ್ಮಣರು 35 ಜನ. ಹದಿನೆಂಟು ವರ್ಷಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿದ್ದ ಪ್ರಮಾಣ ನಲವತ್ತರ ಒಳಗೆ ಬಂದಿತ್ತು.

ನಮ್ಮಲ್ಲಿ ಮೀಸಲಾತಿಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಮೈಸೂರಿನ ಮಿಲ್ಲರ್ ಸಮಿತಿಯಿಂದ ಆರಂಭಿಸುತ್ತಾರೆ. ಆ ಸಮಿತಿ ನೇಮಕವಾದದ್ದು 1918ರಲ್ಲಿ, ವರದಿ ಕೊಟ್ಟದ್ದು 1919ರಲ್ಲಿ. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟ ಕಥೆಯೂ ಅದರೊಡನೆ ಹೆಣೆದುಕೊಂಡಿರುವುದರಿಂದ ಅದು ಎಲ್ಲರ ಬಾಯಲ್ಲಿದೆ. ಮೈಸೂರಿನ ಹಿರಿಮೆಯನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಅದಕ್ಕಿಂತ ಹದಿನಾರು ವರ್ಷ ಮೊದಲೇ, ಎಲ್ಲ ಖಾತೆಗಳಿಗೂ ಅನ್ವಯಿಸುವಂಥ ಹುಕುಮೊಂದು ಕನ್ನಡ ಮಾತನಾಡುವ ರಾಯಬಾಗ ಸೀಮೆಯಲ್ಲಿ ಜಾರಿಯಲ್ಲಿತ್ತೆಂಬುದನ್ನು ನಾವು ಮರೆತಿದ್ದೇವೆ. ಕೊಲ್ಹಾಪುರ ಮಹಾರಾಷ್ಟ್ರಕ್ಕೆ ಹೋಯಿತು, ಶಾಹೂ ಮಹಾರಾಜರೂ ಅದರೊಡನೆ ಹೋದರು. ರಾಯಬಾಗ ನಮ್ಮಲ್ಲಿ ಉಳಿಯಿತು, ಅದರ ಇತಿಹಾಸ ನಡುವೆ ಬಿದ್ದಿತು.

ಹುಕುಮಿನ ಹಿಂದೆ ಶುದ್ಧ ಧರ್ಮಬುದ್ಧಿಯೊಂದೇ ಇತ್ತೆಂದು ನಾನು ಹೇಳಲಾರೆ. ಅದಕ್ಕೆ ಎರಡು ಮೂರು ವರ್ಷ ಮೊದಲು ವೇದೋಕ್ತದ ಜಗಳ ಎದ್ದಿತ್ತು. ಅರಮನೆಯ ಸಂಸ್ಕಾರಗಳನ್ನು ವೇದಮಂತ್ರಗಳಿಂದ ನಡೆಸಲು ಪುರೋಹಿತರು ಒಪ್ಪಲಿಲ್ಲ. ಮಹಾರಾಜರ ಮನಸ್ಸು ಕಹಿಯಾಯಿತು. ಆ ಕಹಿ ಹುಕುಮಿನಲ್ಲಿ ಇಳಿಯಲಿಲ್ಲವೆನ್ನುವುದು ಕಷ್ಟ. ಆದರೆ ಕಹಿಯೊಂದರಿಂದಲೇ ಯಾರೂ ವಸತಿಗೃಹ ಕಟ್ಟಿಸುವುದಿಲ್ಲ. 1901ರಲ್ಲಿ ಮರಾಠಾ ಮತ್ತು ಜೈನ, 1906ರಲ್ಲಿ ಮುಸಲ್ಮಾನ, 1907ರಲ್ಲಿ ಲಿಂಗಾಯತ, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ ಹೀಗೆ ಒಂದರ ಹಿಂದೊಂದು ಕೊಲ್ಹಾಪುರದಲ್ಲಿ ಎದ್ದುವು. ಜಾಗ ಕಾಯ್ದಿಟ್ಟರೆ ಸಾಲದು, ಆ ಜಾಗಕ್ಕೆ ಬರುವ ಹುಡುಗನನ್ನೂ ಓದಿಸಿ ತಯಾರು ಮಾಡಬೇಕೆಂಬ ತಿಳಿವಳಿಕೆ ಅಲ್ಲಿದೆ. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನೇ ಕಡ್ಡಾಯ ಮಾಡಿದರು. ಮಹಾರಾಜರ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿ ಬರೆದು 1924ರಲ್ಲಿ ಪ್ರಕಟಿಸಿದ ಅಣ್ಣಾಸಾಹೇಬ ಲಠ್ಠೆಯವರು ಜೈನರು. ಕೊಲ್ಹಾಪುರದ ದಿವಾನರಾಗಿ, ಮುಂದೆ 1937ರಲ್ಲಿ ಮುಂಬಯಿ ಸರಕಾರದ ಅರ್ಥಮಂತ್ರಿಗಳಾದರು.

ಆದರೆ ರಾಯಬಾಗದ ರೈತನ ಮಗನಿಗೆ ಇನ್ನೊಂದು ಹೊಸ್ತಿಲಿತ್ತು. ಕೊಲ್ಹಾಪುರದ ದರಬಾರಿನ ಬರವಣಿಗೆ ಮರಾಠಿ. ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿ. ಮನೆಯಲ್ಲಿ ಕನ್ನಡ, ಚಾವಡಿಯಲ್ಲಿ ಮೋಡಿ. ಜಾತಿಯ ಬಾಗಿಲನ್ನು ಹುಕುಮು ತೆರೆದಿತ್ತು. ಭಾಷೆಯ ಬಾಗಿಲನ್ನು ಹುಡುಗ ತಾನೇ ನೂಕಬೇಕಾಗಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ, ಚಂದಗಡ ತಾಲೂಕೊಂದನ್ನು ಬಿಟ್ಟು, ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದೇ ಹೊಸ್ತಿಲು ನಿಪ್ಪಾಣಿಯ ಮರಾಠಿ ಮನೆಗಳ ಹುಡುಗರ ಎದುರಿಗೆ ಬಂದು ನಿಂತಿತು. ಗಡಿಯ ವಾದವನ್ನು ಇಲ್ಲಿ ಎತ್ತುವುದು ಬೇಡ. ಅದಕ್ಕೆ ಬೇರೆ ಕಾಗದಗಳಿವೆ, ಬೇರೆ ವಕೀಲರಿದ್ದಾರೆ. ನೌಕರಿಯ ಭಾಷೆ ಬದಲಾದಾಗ ಬಡವನ ಮಗನೇ ಮೊದಲು ಎಡವುತ್ತಾನೆಂಬುದನ್ನು ಮಾತ್ರ ಎರಡೂ ಕಡೆಯವರು ಕಂಡುಂಡಿದ್ದಾರೆ.

1902ರ ಹುಕುಮು ಕಚೇರಿಯದು. ಹಳ್ಳಿಯನ್ನು ಅದು ಮುಟ್ಟಲಿಲ್ಲ, ಹಳ್ಳಿಯಲ್ಲಿ ವತನವಿತ್ತು. ಅದಕ್ಕೆ ಕೈ ಹಚ್ಚಿದ್ದು 1918ರಲ್ಲಿ. ಆ ವರ್ಷ ಮಹಾರಾಜರು ಕುಲಕರ್ಣಿ ವತನವನ್ನು ತೆಗೆದು, ಸಂಬಳದ ತಲಾಠಿಗಳನ್ನು ನೇಮಿಸುವ ಪದ್ಧತಿ ತಂದರು. ಕುಲಕರ್ಣಿಯ ದಫ್ತರವೆಂದರೆ ಏನೆಂಬುದನ್ನು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು, ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಲ್ಲವೂ ಅವನ ಲೇಖಣಿಯ ತುದಿಯಲ್ಲಿ. ಓದುಬಾರದ ರೈತನಿಗೆ ಅವನು ಬರೆದದ್ದೇ ಸತ್ಯ. ಎಲ್ಲ ಕುಲಕರ್ಣಿಗಳೂ ಕೆಟ್ಟವರಾಗಿದ್ದರೆಂದಲ್ಲ; ರೈತನ ಕಾಗದವನ್ನು ಕಣ್ಣಿನಂತೆ ಕಾಪಾಡಿದವರೂ ಇದ್ದರು. ಕೆಟ್ಟವನನ್ನು ತೆಗೆಯುವ ಉಪಾಯವಿರಲಿಲ್ಲ, ಅದೇ ತೊಡಕು. ಹುಟ್ಟಿನಿಂದ ಬಂದವನನ್ನು ಯಾರು ವರ್ಗ ಮಾಡುತ್ತಾರೆ? ತಲಾಠಿಯಾದರೆ ಸಂಬಳದವನು, ಬೇರೂರಿಗೆ ಕಳಿಸಬಹುದು, ತಪ್ಪಿದರೆ ಮನೆಗೂ ಕಳಿಸಬಹುದು. ಈ ತಲಾಠಿಗಳಲ್ಲಿ ಮಹಾರರೂ ಇದ್ದರು. ನಿನ್ನೆಯವರೆಗೆ ಚಾವಡಿಯ ಕೆಳಗೆ ನಿಂತವನು ಇಂದು ಒಳಗೆ ಕುಳಿತು ಉತಾರ ಬರೆದುಕೊಡುವುದೆಂದರೆ, ಆ ಕಾಲದಲ್ಲಿ ಊರಿನ ಜನ ಹೇಗೆ ಸಹಿಸಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಅದೇ 1918ರಲ್ಲಿ ಮಹಾರ ವತನವೂ ಹೋಯಿತು. ಭೂಮಿಯನ್ನು ರೈತಾವಾರಿಯಂತೆ ಅವರ ಹೆಸರಿಗೆ ಮಾಡಿ ಚಾಕರಿಯ ಬಂಧನವನ್ನು ಬಿಡಿಸಿದರು. 1902ರಲ್ಲಿ ಹಿಂದುಳಿದವರೆಲ್ಲರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಷ್ಟೆ? ಅದರೊಳಗೆ ತೀರ ತಳದಲ್ಲಿದ್ದವನಿಗೆ ಆ ಗಂಟಿನಿಂದ ಬಹಳವೇನೂ ದಕ್ಕುವುದಿಲ್ಲವೆಂದು ಮಹಾರಾಜರಿಗೆ ಹದಿನಾರು ವರ್ಷಗಳಲ್ಲಿ ಮನವರಿಕೆಯಾಗಿರಬೇಕು. 1918ರ ಹಾಗೂ 1919ರ ಹುಕುಮುಗಳು ಪ್ರತ್ಯೇಕವಾಗಿ ಅಸ್ಪೃಶ್ಯರನ್ನೇ ಕುರಿತಿರುವುದು ಅದಕ್ಕಾಗಿಯೇ ಎಂದು ನನ್ನ ಎಣಿಕೆ. 1920ರ ಮಾರ್ಚಿನಲ್ಲಿ ಕಾಗಲ ಜಹಗೀರಿನ ಮಾಣಗಾಂವದಲ್ಲಿ ನಡೆದ ಪರಿಷತ್ತಿಗೆ ಇನ್ನೂ ಇಪ್ಪತ್ತೆಂಟರ ತರುಣರಾಗಿದ್ದ ಅಂಬೇಡಕರರು ಅಧ್ಯಕ್ಷರು. ಮಹಾರಾಜರು ಸ್ವತಃ ಬಂದಿದ್ದರು. ಎರಡು ವರ್ಷಗಳಲ್ಲಿ, 1922ರ ಮೇ 6ರಂದು, ಮಹಾರಾಜರು ಮುಂಬಯಿಯಲ್ಲಿ ತೀರಿಕೊಂಡರು.

ಇತ್ತ ಗಡಿಯ ಈಚೆಗೆ, ಚಿಕ್ಕೋಡಿ ಅಥಣಿಗಳಲ್ಲಿ, 1874ರ ಕಾಯಿದೆ ಹಾಗೆಯೇ ಕುಳಿತಿತ್ತು. 1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಇಲಾಖೆಯ ಬಹಿಷ್ಕೃತರ ಪರಿಷತ್ತು ಸೇರಿದಾಗಲೂ ಅಂಬೇಡಕರರೇ ಅಧ್ಯಕ್ಷರು. ಪಕ್ಕದ ಕಾಗಲದಲ್ಲಿ ಏಳು ವರ್ಷದ ಹಿಂದೆ ಬಿಡಿಸಿದ್ದ ಗಂಟು ನಿಪ್ಪಾಣಿಯಲ್ಲಿ ಇನ್ನೂ ಬಿಗಿಯಾಗಿತ್ತು. 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ ವತನ ಕಾಯಿದೆಗೆ ತಿದ್ದುಪಡಿಯ ಮಸೂದೆಯನ್ನು ಮಂಡಿಸಿದರು. ಚಾಕರಿ ಬೇಡವೆನ್ನುವ ಮಹಾರ ಪೂರ್ತಿ ಕಂದಾಯ ಕೊಟ್ಟು ಹೊಲ ಉಳಿಸಿಕೊಳ್ಳಲಿ. ಚಾಕರಿ ಮಾಡುವವನಿಗೆ ರೈತರ ಕಣದ ಕಾಳಿನ ಬದಲು ಸರಕಾರದ ಬೊಕ್ಕಸದಿಂದ ಸಂಬಳ ಸಿಗಲಿ. ಒಬ್ಬನ ಬದಲಿಗೆ ಮನೆಮಂದಿಯನ್ನೆಲ್ಲ ಎಳೆಯುವುದು ನಿಲ್ಲಲಿ. ಇದರಲ್ಲಿ ಕ್ರಾಂತಿಯ ಮಾತು ಏನಿದೆ? ಆದರೂ ನಡೆಯಲಿಲ್ಲ. ಸರಕಾರಕ್ಕೆ ಖರ್ಚಿನ ಭಯ, ಊರಿನವರಿಗೆ ಚಾಕರಿಯವರು ಕೈಬಿಟ್ಟು ಹೋಗುವರೆಂಬ ಭಯ. ಸಮಿತಿಯಲ್ಲಿ ಮಸೂದೆಯ ತಿರುಳು ಸವೆದ ಮೇಲೆ 1929ರಲ್ಲಿ ಅವರೇ ಅದನ್ನು ಹಿಂತೆಗೆದುಕೊಂಡರು.

ಆಮೇಲೆ ಆದದ್ದನ್ನು ಬೇಗ ಹೇಳಬಹುದು, ಆದರೆ ಆಗುವುದಕ್ಕೆ ಬೇಗ ಆಗಲಿಲ್ಲ. 1949ರ ಮಾರ್ಚ್ 1ರಂದು ಕೊಲ್ಹಾಪುರ ಮುಂಬಯಿ ರಾಜ್ಯದಲ್ಲಿ ವಿಲೀನವಾಗಿ ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು. 1950ರಲ್ಲಿ ಮುಂಬಯಿ ಸರಕಾರ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡುವ ಕಾಯಿದೆ ತಂದು 1951ರಲ್ಲಿ ಜಾರಿ ಮಾಡಿತು. ರಾಯಬಾಗದ ಹಳ್ಳಿಗೆ 1918ರಲ್ಲಿ ಬಂದ ತಲಾಠಿ ಚಿಕ್ಕೋಡಿಯ ಹಳ್ಳಿಗೆ ಬರಲು 33 ವರ್ಷ ಹಿಡಿಯಿತು. ಎರಡೂ ಊರುಗಳ ನಡುವಿನ ಹಾದಿ ಎತ್ತಿನ ಗಾಡಿಗೆ ಒಂದು ಹಗಲಿನದು.

ಪಾಟೀಲಕಿ, ತಳವಾರಿಕೆ, ಮಹಾರಕಿಗಳು ಆಗಲೂ ಉಳಿದುವು. ಅವುಗಳಿಗೆ ಕೊನೆ ಬಂದದ್ದು ದೂರದ ಆಂಧ್ರದ ಒಂದು ಖಟ್ಲೆಯಿಂದ. ತೆನಾಲಿ ತಾಲೂಕಿನ ಹೊಸದೊಂದು ಹಳ್ಳಿಗೆ ಗ್ರಾಮ ಮುನಸೀಫನನ್ನು ನೇಮಿಸುವಾಗ ಹಳೆಯ ಮನೆತನದವನಿಗೇ ಕೊಡಬೇಕೆಂದು ಕಾಯಿದೆಯಿತ್ತು. ಗಾಜುಲ ದಶರಥರಾಮರಾವ್ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನದ 16ನೆಯ ಅನುಚ್ಛೇದ ಸರಕಾರಿ ನೌಕರಿಯಲ್ಲಿ ಜಾತಿ, ಮತ, ಲಿಂಗಗಳಂತೆ ವಂಶವನ್ನೂ ಕಾರಣವಾಗಿ ನೋಡಕೂಡದೆನ್ನುತ್ತದೆ; ಗ್ರಾಮದ ಹುದ್ದೆಯೂ ಸರಕಾರಿ ನೌಕರಿಯೇ ಎಂದು 1960ರ ಡಿಸೆಂಬರಿನಲ್ಲಿ ತೀರ್ಪಾಯಿತು. ವಂಶ ಎಂಬ ಆ ಒಂದು ಪದ ಸಂವಿಧಾನದಲ್ಲಿ ಇರದಿದ್ದರೆ ಇನ್ನೆಷ್ಟು ಕಾಲ ಎಳೆಯುತ್ತಿತ್ತೋ! ಮರುವರ್ಷವೇ ಮೈಸೂರು ರಾಜ್ಯ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಮಾಡಿತು. 1963ರ ಫೆಬ್ರವರಿ 1ರಂದು ಅದು ಜಾರಿಗೆ ಬಂತು. ಮಹಾರ ವತನದ ವಿಷಯದಲ್ಲಿ ಕೊಲ್ಹಾಪುರದ ಹುಕುಮಿಗೂ ಈ ಕಾಯಿದೆಗೂ ನಡುವೆ 45 ವರ್ಷ. ಕಾಯಿದೆಗೆ ಎದುರಾಗಿ ಹೋದವರೂ ಇದ್ದರು. 1966ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಹುದ್ದೆ ಹೋಯಿತು, ಹೊಲ ಉಳಿಯಿತೇ? ವತನದ ಜಮೀನನ್ನು ಹಣ ಕಟ್ಟಿಸಿಕೊಂಡು ಹಳೆಯ ವತನದಾರನಿಗೇ ಮರುಮಂಜೂರು ಮಾಡಬೇಕೆಂದು ಕಾಯಿದೆಯಲ್ಲಿತ್ತು. ಹಣ ಕಟ್ಟಲಾರದವನ ಹೊಲ, ಕಟ್ಟಿದ ಮೇಲೆ ಸಾಲಕ್ಕೆ ಒತ್ತೆ ಬಿದ್ದ ಹೊಲ, ಮೊದಲೇ ಬಾಯಿಮಾತಿನಲ್ಲಿ ಇನ್ನೊಬ್ಬರ ಕೈಸೇರಿದ್ದ ಹೊಲ ಹೀಗೆ ಅದರ ಗೋಳು ದೊಡ್ಡದು. 1978ರ ತಿದ್ದುಪಡಿ, ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಕೂಡದೆಂದು ಕಟ್ಟು ಹಾಕಿತು. ತಾಲೂಕಿನ ಕೋರ್ಟುಗಳ ಕಟ್ಟೆಯ ಮೇಲೆ ಈ ಜಮೀನಿನ ಖಟ್ಲೆಗಳ ಮಾತು ಇಂದಿಗೂ ಕಿವಿಗೆ ಬೀಳುತ್ತದೆ.

ಈಚಿನ ಎರಡು ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ. 2025ರ ನವೆಂಬರ್ 21ರಂದು ಕೇಂದ್ರ ಸರಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುವು. ಅವುಗಳ ಸಾಧಕ ಬಾಧಕಗಳ ಚರ್ಚೆ ಇನ್ನೂ ನಡೆದಿದೆ. ಕಾರ್ಮಿಕ ಸಂಘಗಳಿಗೆ ಅವುಗಳ ಮೇಲೆ ಅಸಮಾಧಾನವಿದೆ. ಆದರೆ ಕೆಲಸಗಾರನಿಗೆ ನೇಮಕಪತ್ರ ಕೊಡಲೇಬೇಕೆಂಬ ಒಂದು ಕಲಮನ್ನು ಓದಿದಾಗ ನನಗೆ ನೆನಪಾದವನು ಚಿಕ್ಕೋಡಿಯ ಮಹಾರ ವತನದಾರ. ಕೆಲಸ ಯಾವುದು, ಸಂಬಳ ಎಷ್ಟು ಎಂಬ ಎರಡು ಸಾಲನ್ನು ಅವನಿಗೆ ಯಾರೂ ಬರೆದುಕೊಡಲಿಲ್ಲ. 1928ರ ಮಸೂದೆಯಲ್ಲಿ ಕೇಳಿದ್ದು ಹೆಚ್ಚು ಕಡಿಮೆ ಅಷ್ಟನ್ನೇ.

ಇನ್ನೊಂದು 2024ರದು. ಕುಲಕರ್ಣಿ, ತಲಾಠಿ, ಗ್ರಾಮಲೆಕ್ಕಿಗ ಎಂದು ಹೆಸರು ಬದಲಿಸುತ್ತ ಬಂದ ಹುದ್ದೆಗೆ ಈಗ ಗ್ರಾಮ ಆಡಳಿತಾಧಿಕಾರಿಯೆಂಬ ಹೆಸರು. ಆ ವರ್ಷ ರಾಜ್ಯದಲ್ಲಿ 1000 ಜಾಗಗಳಿಗೆ ಸ್ಪರ್ಧಾ ಪರೀಕ್ಷೆ ನಡೆಯಿತು. ಅದಕ್ಕೆ ಮೊದಲು ಕಡ್ಡಾಯ ಕನ್ನಡ ಪರೀಕ್ಷೆ. ನಮ್ಮ ಕಾಲೇಜಿನಲ್ಲಿ ಓದಿ ಹೋದವರು ಅನೇಕರು ಕುಳಿತಿದ್ದರು. ವ್ಯಾಕರಣದ ಸಂದೇಹ ಕೇಳಲು ಬಂದವರಲ್ಲಿ ಕುಲಕರ್ಣಿಯೆಂಬ ಅಡ್ಡಹೆಸರಿನವಳೂ ಇದ್ದಳು, ಕಾಂಬಳೆಯೆಂಬವಳೂ ಇದ್ದಳು. ಇಬ್ಬರಿಗೂ ಸಂಧಿ ಬಿಡಿಸಲು ಬರುತ್ತಿರಲಿಲ್ಲ.

ಆ ಆಡಳಿತಾಧಿಕಾರಿಯ ಕೈಕೆಳಗೆ ಹಳ್ಳಿಯಲ್ಲಿ ಒಬ್ಬ ಗ್ರಾಮ ಸಹಾಯಕನಿರುತ್ತಾನೆ. ನೋಟೀಸು ಮುಟ್ಟಿಸುವವನು ಅವನು, ಸಾಹೇಬರು ಬಂದರೆ ಹೊಲದ ಬಾಂದು ತೋರಿಸುವವನೂ ಅವನು. ಅವನಿಗೆ ಸಿಗುವುದು ಗೌರವಧನ; ತಮ್ಮನ್ನು ‘ಡಿ’ ವರ್ಗದ ನೌಕರರೆಂದು ಪರಿಗಣಿಸಬೇಕೆಂದು ಈ ಸಹಾಯಕರು ಬಹು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಸರಕಾರದ ಕಾಗದದಲ್ಲಿ ಅವನು ಸಹಾಯಕ. ನಮ್ಮ ಕಡೆಯ ಊರವರು ಅವನನ್ನು ಇಂದಿಗೂ ವಾಲೀಕಾರನೆಂದೇ ಕರೆಯುತ್ತಾರೆ.